ಹರಕೆಯ ಹನ್ನೆರಡನೇ ಮೀನು

ನಾನು ಒಂದು ಮೀನು. ನಮ್ಮ ಜಾತಿಯನ್ನು ಜನ ಜಿಲೇಬಿ ಎನ್ನುತ್ತಾರೆ. ಸಿಹಿ ಏನೂ ಇಲ್ಲ, ಮುಳ್ಳು ಬೇಕಾದಷ್ಟಿದೆ. ನಾನು ಹುಟ್ಟಿದ್ದು ಅಮ್ಮನ ಬಾಯಿಯಲ್ಲಿ. ನಮ್ಮಲ್ಲಿ ಹಾಗೆಯೇ. ತಾಯಿ ಮೊಟ್ಟೆಗಳನ್ನು ಬಾಯೊಳಗೆ ಇಟ್ಟುಕೊಂಡೇ ಮರಿ ಮಾಡುತ್ತಾಳೆ. ಹದಿನೈದು ದಿನ ಒಂದು ಅಗುಳನ್ನೂ ನುಂಗುವುದಿಲ್ಲ. ನುಂಗಿದರೆ ಮಕ್ಕಳೇ ಹೊಟ್ಟೆ ಸೇರುತ್ತಾರೆ. ಮರಿಗಳು ಈಜಲು ಹೊರಟ ಮೇಲೂ ಅಷ್ಟೆ, ಮೇಲೆ ಒಂದು ನೆರಳು ಸುಳಿದರೆ ಸಾಕು, ಎಲ್ಲರೂ ಮತ್ತೆ ಅವಳ ಬಾಯಿಗೆ ನುಗ್ಗುತ್ತೇವೆ. ನಾವು ಒಡಹುಟ್ಟಿದವರು ನಾಲ್ಕು ಸಾವಿರ. ನಾನೂರು ಎಂದೇ ಇಟ್ಟುಕೊಳ್ಳಿ.

ಮನೆ ಲಾದ್ರು ಪೊರ್ಬುಗಳ ಹಳೆಯ ಕೆಂಪುಕಲ್ಲಿನ ಕೋರೆ. ಕಲ್ಲು ಕಡಿದು ಮುಗಿದ ಹೊಂಡದಲ್ಲಿ ಮಳೆನೀರು ನಿಂತಿತ್ತು, ಅದರಲ್ಲಿ ಅವರು ನಮ್ಮನ್ನು ಸಾಕಿದ್ದರು. ಅಲ್ಲಿ ನಾನು ಒಮ್ಮೆ ಕೊಕ್ಕರೆಯ ಕೆನ್ನೆಗೆ ಬಾಲದಿಂದ ಬಾರಿಸಿ, ಅದು ಮೂರು ದಿನ ಒಂಟಿಕಾಲಲ್ಲೇ ನಿಲ್ಲುವಂತೆ ಮಾಡಿದ್ದೆ. ಕೊಕ್ಕರೆ ಹೇಗೂ ಒಂಟಿಕಾಲಲ್ಲೇ ನಿಲ್ಲುತ್ತದೆ ಎಂದು ಕೆಲವರು ನಂಬಲಿಲ್ಲ.

ನಾನು ಮೊದಲ ಸಲ ಬಾಯಿ ತುಂಬ ಮೊಟ್ಟೆ ತುಂಬಿಕೊಂಡ ಮರುದಿನವೇ ಟೆಂಪೋ ಓಡಿಸುವ ಪದ್ಮಯ್ಯ ಕೋರೆಗೆ ಬಂದ.

"ಪೊರ್ಬುಗಳೇ, ಜೀವದ ಮೀನು ಹನ್ನೆರಡು ಬೇಕಿತ್ತು. ದೇವರ ಗುಂಡಿಗೆ ಹರಕೆ ಉಂಟು. ಮೊಣಗಂಟು ನೋವು ಹೋಯ್ತಲ್ಲ, ಅದಕ್ಕೆ."

"ಹರಕೆಗೆ ಜಿಲೇಬಿ ಬಿಡುದಾ ಪದ್ಮಯ್ಯ? ಇದು ಸಾರಿಗೆ ಆಗುವ ಜಾತಿ ಮಾರಾಯ."

"ದೇವರು ಜಾತಿ ಕೇಳ್ತಾರಾ? ಚೆಂದದ್ದು ನೋಡಿ ಹಾಕಿ."

ಮೊದಲು ಬಲೆಗೆ ಬಿದ್ದವಳೇ ನಾನು. ಚೆಂದದ ಮಾತು ಬಂದಾಗ ಇನ್ಯಾರನ್ನು ಹಿಡಿಯುತ್ತಾರೆ? ಮೂರು ಮಾತು ಆಡೋಣವೆಂದರೆ ಬಾಯಿ ತುಂಬ ಮೊಟ್ಟೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕುಲುಕಿಕೊಂಡು ಹೋಗುವಾಗಲೂ ತುಟಿ ಬಿಚ್ಚಲಿಲ್ಲ.

ದೇವರ ಗುಂಡಿ ಎಂದರೆ ಹೊಳೆಯ ತಿರುವಿನಲ್ಲಿರುವ ಆಳವಾದ ಮಡು. ದಡದಲ್ಲಿ ಒಂದು ಸಣ್ಣ ಗುಡಿ. ಅಲ್ಲಿನ ಮೀನೆಲ್ಲ ದೇವರದ್ದು. ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ಗುಡಿ ಗುಡಿಸುವ ರಾಜೀವಕ್ಕ ಪ್ರತಿ ಮಧ್ಯಾಹ್ನ ನೈವೇದ್ಯದ ಅನ್ನ ತಂದು ಮೀನುಗಳಿಗೆ ಹಾಕುತ್ತಾರೆ.

ನೀರಿಗೆ ಬಿದ್ದ ಕೂಡಲೇ ಬಿದ್ದ ಜಾಗದಿಂದ ಆಚೆ ಸರಿದುಹೋದೆ. ನೀರು ಓಡುತ್ತಿತ್ತು! ಕೋರೆಯಲ್ಲಿ ನಿಂತಲ್ಲೇ ನಿಲ್ಲುವ ನೀರನ್ನಷ್ಟೇ ನೋಡಿದ್ದವಳು ನಾನು. ಕಲ್ಲಿನ ಸಂದಿಗೆ ಹೋಗಿ ಒರಗಿಕೊಂಡೆ. ಪಕ್ಕದ ಕಲ್ಲಿನತ್ತ ನೋಡಿದವಳು ಇನ್ನಷ್ಟು ದಂಗಾದೆ.

ಅಲ್ಲಿ ಒಂದು ಜೋಡಿ ಇತ್ತು. ನನ್ನದೇ ಚಪ್ಪಟೆ ಮೈ, ನನ್ನದೇ ಮುಳ್ಳಿನ ಬೆನ್ನು. ಮೈಮೇಲೆ ಮಾತ್ರ ಅಡ್ಡಡ್ಡ ಪಟ್ಟೆ. ಕಲ್ಲಿನ ಮೇಲೆ ಪೂರ್ತಿ ಮೊಟ್ಟೆ ಅಂಟಿಸಿ, ಗಂಡ ಹೆಂಡತಿ ಸರದಿಯಲ್ಲಿ ರೆಕ್ಕೆ ಬೀಸಿ ಗಾಳಿ ಹಾಕುತ್ತಿದ್ದರು. ಹತ್ತಿರ ಹೋದರೆ ಹೆಂಡತಿ ನನ್ನ ಬಾಲ ಕಚ್ಚಿದಳು. ನನ್ನ ಮೊಟ್ಟೆಯ ಹತ್ತಿರ ಯಾರಾದರೂ ಬಂದರೆ ನಾನೂ ಹಾಗೆಯೇ ಕಚ್ಚುತ್ತೇನೆ. ಇವಳು ನಮ್ಮವಳೇ ಎಂದುಕೊಂಡೆ. ಅತ್ತಿಗೆ ಎಂದು ಮನಸ್ಸಿನಲ್ಲೇ ಕರೆದೆ.

ಮರುದಿನ ಮೀನಿನ ಕಾಲೇಜಿನ ನಫೀಸಾ ಮೇಡಂ ಬಂದರು. ಅವರು ವರ್ಷಕ್ಕೊಮ್ಮೆ ಬಂದು ಪಟ್ಟೆಮೀನುಗಳನ್ನು ಎಣಿಸುತ್ತಾರೆ. ನೀರಿಗೆ ಬಗ್ಗಿದವರು ಹಾಗೆಯೇ ನಿಂತರು.

"ರಾಜೀವಕ್ಕ, ಈ ಜಿಲೇಬಿ ಬಿಟ್ಟದ್ದು ಯಾರು?"

"ಪದ್ಮಯ್ಯನ ಹರಕೆ ಮೇಡಂ. ಹನ್ನೆರಡು. ಎಂತ ಆಯ್ತು?"

"ಹೋದ ವರ್ಷ ಆರು ಜೋಡಿ ಪಟ್ಟೆಮೀನು ಇತ್ತು. ಬೇಸಗೆಯಲ್ಲಿ ನೀರು ಕಡಿಮೆ ಆಗಿ ಈಗ ಒಂದೇ ಉಂಟು. ಈ ಹೊಳೆಯಲ್ಲಿ ಬೇರೆಲ್ಲೂ ನಾನು ಕಂಡದ್ದಿಲ್ಲ. ಜಿಲೇಬಿ ಮರಿ ಹಾಕಿದ್ರೆ ಜಾಗ ಅವರದ್ದೇ. ಪಟ್ಟೆಯ ಮೊಟ್ಟೆಯನ್ನೂ ಬಿಡುದಿಲ್ಲ."

"ನೋಡ್ಲಿಕ್ಕೆ ಅಕ್ಕತಂಗಿ ಹಾಗೆ ಉಂಟಲ್ಲ."

"ಸಂಬಂಧವೇ. ಜಿಲೇಬಿಯ ಊರು ಆಫ್ರಿಕಾ. ಎಪ್ಪತ್ತು ವರ್ಷದ ಹಿಂದೆ ತಿನ್ಲಿಕ್ಕೆ ಅಂತ ನಾವೇ ತಂದದ್ದು. ಪಟ್ಟೆಮೀನಿನ ಹತ್ತಿರದ ನೆಂಟರು ಮಡಗಾಸ್ಕರ್ ದ್ವೀಪದಲ್ಲಿದ್ದಾರೆ. ಒಂದು ಕಾಲದಲ್ಲಿ ಆ ನೆಲ, ನಮ್ಮ ನೆಲ, ಆಫ್ರಿಕಾ ಎಲ್ಲ ಒಟ್ಟಿಗೇ ಅಂಟಿಕೊಂಡಿತ್ತು. ನಮ್ಮ ತುಂಡು ಬಿಟ್ಟು ಹೊರಟಾಗ ಇವರ ಹಿರಿಯರೂ ಒಟ್ಟಿಗೆ ಬಂದರು ಅಂತ ಕೆಲವರು ಹೇಳ್ತಾರೆ. ಅಲ್ಲ, ಆಮೇಲೆ ಸಮುದ್ರ ದಾಟಿ ಬಂದರು ಅಂತ ಇನ್ನು ಕೆಲವರು."

ರಾಜೀವಕ್ಕ ಸೊಂಟಕ್ಕೆ ಕೈಯಿಟ್ಟರು. "ನೆಲ ಹೊರಟು ಬರುದಾ? ನೀವು ಬೆಳಿಗ್ಗೆ ತಿಂಡಿ ತಿಂದಿದ್ದೀರಾ ಮೇಡಂ?"

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಕೋರೆಯಲ್ಲಿ ಯಾರೂ ಇರಲಿಲ್ಲ. ಇಷ್ಟು ದೊಡ್ಡದನ್ನು ನಾನೂ ಹೇಳಿದ್ದಿಲ್ಲ. ಮೇಲಾಗಿ ಇದು ನಿಜವಂತೆ. ನಾನು ಬಂದದ್ದು ಟೆಂಪೋದಲ್ಲಿ. ಅತ್ತಿಗೆಯ ಕಡೆಯವರು ಬಂದದ್ದು ನೆಲದ ಮೇಲೋ, ಸಮುದ್ರದ ಮೇಲೋ, ಲೆಕ್ಕವಿಲ್ಲದಷ್ಟು ಹಿಂದೆ. ಈಗ ಅವರಲ್ಲಿ ಉಳಿದವರು ಇಬ್ಬರು ಮತ್ತು ಒಂದು ಕಲ್ಲಿನ ತುಂಬ ಮೊಟ್ಟೆ.

ನಮ್ಮ ಹನ್ನೆರಡನ್ನೂ ಮಡುವಿನಿಂದ ತೆಗೆಯಬೇಕು, ಆದರೆ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ರಾಜೀವಕ್ಕ ಮನೆಗೆ ಹೋಗಿ ಅಗಲ ಬಾಯಿಯ ಅಲ್ಯುಮಿನಿಯಂ ಪಾತ್ರೆ ತಂದರು. ತಳಕ್ಕೆ ಅನ್ನ ಹಾಕಿ ಮೆಲ್ಲಗೆ ನೀರಿಗೆ ಇಳಿಸಿದರು. "ತಾನಾಗಿ ಒಳಗೆ ಬಂದವರನ್ನು ಎತ್ತಬಾರದು ಅಂತ ದೇವರು ಹೇಳಿದ್ದಿಲ್ಲ," ಎಂದರು.

ನಮ್ಮವರಷ್ಟು ಹೊಟ್ಟೆಬಾಕರು ಇನ್ನೊಬ್ಬರಿಲ್ಲ. ನಾಲ್ಕು ದಿನದಲ್ಲಿ ಹನ್ನೊಂದು ಜನ ಪಾತ್ರೆ ಹತ್ತಿ ಹೋದರು. ಪದ್ಮಯ್ಯನೇ ಅವರನ್ನು ಕೋರೆಗೆ ವಾಪಸು ಸಾಗಿಸಬೇಕಾಯಿತು.

"ನನ್ನ ಹರಕೆ ನೀವು ತೆಗೀತೀರಿ ರಾಜೀವಕ್ಕ. ಮೊಣಗಂಟು ಪುನಃ ಹಿಡಿದ್ರೆ?"

"ಹಿಡಿದ್ರೆ ಎಣ್ಣೆ ಹಚ್ಚುವ. ಪಟ್ಟೆಮೀನು ಹೋದ್ರೆ ಎಂತ ಹಚ್ಚುದು? ಹೇಳು ನೋಡುವ."

ಪದ್ಮಯ್ಯ ಡ್ರಮ್ಮನ್ನು ಟೆಂಪೋಗೆ ಏರಿಸಿದ.

ಹನ್ನೆರಡನೆಯವಳು ನಾನು. ಬಾಯಿಯಲ್ಲಿ ಮಕ್ಕಳಿದ್ದವಳಿಗೆ ಅನ್ನ ಏನು, ಪಾಯಸ ಏನು? ಪಾತ್ರೆ ದಿನವೂ ಇಳಿಯುತ್ತಿತ್ತು, ಬರಿದೇ ಏರುತ್ತಿತ್ತು. "ಇನ್ನೊಂದು ಉಂಟು," ಎಂದು ರಾಜೀವಕ್ಕ ನೀರಿಗೆ ಹೇಳುತ್ತಿದ್ದರು. ಆ ದನಿಯಲ್ಲಿ ಭಯವಿತ್ತು. ಆ ಭಯ ನನ್ನ ಬಗ್ಗೆ ಎಂದು ತಿಳಿದು ಮೈ ಜುಂ ಎಂದಿತು. ಕೊಕ್ಕರೆಯೂ ನನಗೆ ಹೆದರಿದ್ದಿಲ್ಲ, ನಿಜ ಹೇಳಬೇಕೆಂದರೆ.

ಒಂದು ಬೆಳಿಗ್ಗೆ ಮಕ್ಕಳು ಹೊರಗೆ ಬಂದರು. ಮುನ್ನೂರು. ಇದು ಸುಳ್ಳಲ್ಲ. ಕಣ್ಣು ಮಾತ್ರ ಕಾಣುವಷ್ಟು ಸಣ್ಣವರು. ಬಾಯಿ ಖಾಲಿಯಾದದ್ದೇ ತಡ, ಹದಿನೈದು ದಿನದ ಹಸಿವು ಒಟ್ಟಿಗೆ ಎದ್ದಿತು. ಕಣ್ಣು ಕತ್ತಲಾಯಿತು. ಹತ್ತಿರ ಏನಿತ್ತೋ ಅದಕ್ಕೆ ಬಾಯಿ ಹಾಕಿದೆ.

ಅತ್ತಿಗೆ ಬೆನ್ನಿಗೆ ಕಚ್ಚಿದಾಗಲೇ ಎಚ್ಚರವಾದದ್ದು. ನಾನು ಅವರ ಕಲ್ಲಿನ ಮೇಲಿದ್ದೆ. ಮೊಟ್ಟೆ ಅಂಟಿದ್ದ ಕಲ್ಲು ಅರ್ಧ ಬೋಳಾಗಿತ್ತು. ಗಂಡ ಒಂದು ಕಡೆಯಿಂದ, ಹೆಂಡತಿ ಇನ್ನೊಂದು ಕಡೆಯಿಂದ ನನ್ನ ಪೊರೆ ಕಿತ್ತರು. ನಾನು ತಿರುಗಿ ಕಚ್ಚಲಿಲ್ಲ. ಕಚ್ಚಲು ಏನು ಮುಖ?

ಆಗಲೇ ಪಾತ್ರೆ ಇಳಿಯಿತು. ಪಶ್ಚಾತ್ತಾಪದಿಂದ ಅದರೊಳಗೆ ಹೋದೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಹಸಿವಿನಿಂದ ಹೋದೆ. ಪಾತ್ರೆಯ ಅಂಚು ಕಲ್ಲಿಗೆ ಬಡಿದು ಠಣ್ ಎಂದಿತು. ಹೆದರಿದ ಮಕ್ಕಳೆಲ್ಲ ಹಿಂದಿನಿಂದ ಓಡಿಬಂದು ನನ್ನ ಬಾಯಿಗೆ ನುಗ್ಗಿದರು. ಒಬ್ಬನೂ ಹೊರಗೆ ಉಳಿಯಲಿಲ್ಲ.

ಮೇಲೆತ್ತಿದ ರಾಜೀವಕ್ಕ ನನ್ನ ಉಬ್ಬಿದ ಗಲ್ಲ ನೋಡಿ ಪಾತ್ರೆಯ ಬಾಯಿಗೆ ಸೆರಗು ಮುಚ್ಚಿದರು. "ದೇವರೇ, ಇವಳು ಊರಿಗೆ ಊರೇ ಬಾಯಲ್ಲಿ ಇಟ್ಟುಕೊಂಡಿದ್ದಾಳೆ," ಎಂದರು.

ಈಗ ನಾನು ಅವರ ಅಂಗಳದ ಸಿಮೆಂಟು ತೊಟ್ಟಿಯಲ್ಲಿದ್ದೇನೆ. ಇಲ್ಲಿಂದ ಯಾವ ನೀರೂ ಹೊಳೆಗೆ ಹರಿಯುವುದಿಲ್ಲ. ಮೇಡಂ ಎರಡು ಸಲ ನೋಡಿ ಹೋಗಿದ್ದಾರೆ. ಮಕ್ಕಳು ದೊಡ್ಡವರಾದರು, ಹೆಚ್ಚಿನವರು ಸಾರಾದರು. ನನಗೆ ವಯಸ್ಸಾಗಿದೆ, ಒಂದು ಕಣ್ಣು ಮಂಜು. ಮೂಲೆಯಲ್ಲಿ ಸುಮ್ಮನೆ ತೇಲುತ್ತ ಯೋಚಿಸುತ್ತೇನೆ. ನಾನು ಯಾರ ಮನೆಗೂ ಕೇಳಿಕೊಂಡು ಹೋದವಳಲ್ಲ. ಎತ್ತಿ ಹಾಕಿದಲ್ಲಿ ಬದುಕಿದೆ. ಆದರೆ ನಾನು ಬದುಕಿದಲ್ಲಿ ಇನ್ನೊಬ್ಬರ ಕಲ್ಲು ಬೋಳಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ನಾನು ಇಲ್ಲಿಗೆ ಬಂದ ತಿಂಗಳಿಗೆ ರಾಜೀವಕ್ಕ ಗುಡಿಯಿಂದ ಓಡುತ್ತಲೇ ಬಂದಿದ್ದರು. ತೊಟ್ಟಿಯ ಅಂಚಿನಲ್ಲಿ ಕುಳಿತು ನನಗೇ ಹೇಳಿದರು, "ಪಟ್ಟೆಮೀನಿನ ಮರಿ ಹದಿನೇಳು ಉಂಟಂತೆ. ಮೇಡಂ ಎಣಿಸಿದ್ರು. ಅಷ್ಟೇ ಮೊಟ್ಟೆ ಇಟ್ಟದ್ದೋ ಏನೋ, ಪಾಪ. ಅದಾದ್ರೂ ಉಳಿಯಿತು."

ಅಷ್ಟೇ ಇಟ್ಟದ್ದಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ.

ಹಸಿವಾಗಿದೆ ಎಂದುಕೊಂಡು ರಾಜೀವಕ್ಕ ಒಂದು ತುತ್ತು ಅನ್ನ ಹಾಕಿದರು.