ಚೆಂಡಿಲ್ಲದ ಓಟ

ನಮ್ಮದು ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು ಆಡುವ ಅಮೆರಿಕದ ಫುಟ್‌ಬಾಲ್. ನಮ್ಮ ಹೆಡ್ ಕೋಚ್ ರೆಡಿಕ್‌ಗೆ ಚೆಂಡು ಗಾಳಿಯಲ್ಲಿದ್ದರೇ ಆಟ. ಅದನ್ನು ಕಂಕುಳಲ್ಲಿ ಹಿಡಿದು ಓಡುವುದು ಹಳೇ ಕಾಲದವರ ಚಟ. ಪಶ್ಚಿಮ ಟೆಕ್ಸಸ್‌ನ ನಮ್ಮ ಕಾಲೇಜಿಗೆ ಅವನು ಬಂದ ಮೇಲೆ ಪಂದ್ಯಕ್ಕೆ ಐವತ್ತು ಸಲ ಎಸೆಯುತ್ತಿದ್ದೆವು, ಗೆಲ್ಲುತ್ತಲೂ ಇದ್ದೆವು. ಗೆಲ್ಲುತ್ತಿರುವವನಿಗೆ ಯಾರು ಎದುರಾಡುತ್ತಾರೆ? ಚೆಂಡು ಹಿಡಿದು ನುಗ್ಗುವ ಓಟಗಾರರ ಕೋಚ್ ಆಗಿದ್ದ ನಾನೂ ಒಮ್ಮೆ ಬಿಟ್ಟರೆ ಆಡಲಿಲ್ಲ.

ನನ್ನ ಮುಖ್ಯ ಓಟಗಾರ ಲಾಮಾಂಟ್ ಗೇನ್ಸ್‌ಗೆ ಅದು ಕೊನೆಯ ವರ್ಷ. ವೃತ್ತಿಪರ ತಂಡದವರು ಯಾರೂ ಆರಿಸದಿದ್ದರೆ ಅವನ ಆಟ ಅಲ್ಲಿಗೇ ಮುಗಿದಂತೆ.

ಅವನಿಗೆ ನಾವು ಕೊಟ್ಟಿದ್ದ ಕೆಲಸ ಕೇಳಿ. ಎಸೆಯುವ ಹುಡುಗ ಕೋಲ್ಟನ್ ಚೆಂಡನ್ನು ಲಾಮಾಂಟನ ಹೊಟ್ಟೆಗೆ ಒತ್ತಿ ಹಿಡಿದು, ಎದುರಾಳಿಗಳ ಕಡೆ ನೋಡುತ್ತಾನೆ. ಮನಸ್ಸು ಬಂದರೆ ಬಿಡುತ್ತಾನೆ, ಇಲ್ಲದಿದ್ದರೆ ಹಿಂದಕ್ಕೆ ಎಳೆದುಕೊಂಡು ಎಸೆಯುತ್ತಾನೆ. ಮನಸ್ಸು ಬರುತ್ತಿದ್ದದ್ದು ಪಂದ್ಯಕ್ಕೆ ಮೂರೋ ನಾಲ್ಕೋ ಸಲ. ಉಳಿದಂತೆ ಲಾಮಾಂಟ್ ಬರಿಗೈಯನ್ನು ಎದೆಗೆ ಅವಚಿಕೊಂಡು, ಚೆಂಡು ತನ್ನಲ್ಲೇ ಇದೆ ಎಂಬಂತೆ ಧಡಿಯರ ನಡುವೆ ನುಗ್ಗಬೇಕು. ಅವರು ಅವನನ್ನು ನೆಲಕ್ಕೆ ಅಪ್ಪಳಿಸುವ ಹೊತ್ತಿಗೆ ಚೆಂಡು ಎಲ್ಲೋ, ಜನರ ಕಣ್ಣು ಎಲ್ಲೋ. ಸೋಮವಾರ ವಿಡಿಯೋ ನೋಡುವಾಗ ರೆಡಿಕ್ ಅವನ ನಟನೆಯನ್ನು ಹೊಗಳುತ್ತಿದ್ದ. ಆ ಹೊಗಳಿಕೆ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಎಸೆತವನ್ನು ಕಾಯಲು ಎದುರಾಳಿಗಳೆಲ್ಲ ಹಿಂದೆ ಸರಿದಾಗ ನಡುವೆ ಹೆದ್ದಾರಿಯೇ ತೆರೆದಿರುತ್ತದೆ. ಹತ್ತು ಹನ್ನೆರಡು ಸಲ ಓಟಗಾರನಿಗೆ ಕೊಟ್ಟರೆ ಅವರು ಮುಂದೆ ಬರಲೇಬೇಕು, ಆಗ ಎಸೆತಕ್ಕೂ ಬಲ ಬರುತ್ತದೆ. ಆಗಸ್ಟ್‌ನಲ್ಲಿ ಒಮ್ಮೆ ರೆಡಿಕ್‌ಗೆ ಇದನ್ನು ಹೇಳಿದ್ದೆ.

"ಹಂಗೆ ಓಡಿ ಓಡಿನೇ ಅಲ್ವಾ ವರ್ನನ್, ನಿನ್ ಮೊಣಕಾಲು ಹೋಗಿದ್ದು?" ಎಂದ. ಎಲ್ಲರೂ ನಕ್ಕರು. ನಾಚಿಕೆಗೆಟ್ಟ ನಾನೂ ನಕ್ಕೆ.

ಕೊನೆಯ ಪಂದ್ಯಕ್ಕೆ ವೃತ್ತಿಪರ ತಂಡವೊಂದರಿಂದ ಇಬ್ಬರು ನೋಡಲು ಬರುವವರಿದ್ದರು. ಆ ವಾರ ಲಾಮಾಂಟ್ ನನ್ನ ಕೋಣೆಗೆ ಬಂದ. ಮೂರು ವರ್ಷಗಳಲ್ಲಿ ಅವನು ಏನನ್ನೂ ಕೇಳಿದವನಲ್ಲ.

"ಕೋಚ್, ನಂಗೂ ಸ್ವಲ್ಪ ಚೆಂಡು ಕೊಡಿ ಅಂತ ಅವ್ರಿಗೆ ಒಂದ್ ಮಾತು ಹೇಳ್ತೀರಾ?"

ಹೇಳಬಹುದಿತ್ತು. ಮತ್ತೆ ನಗೆಪಾಟಲಾಗಲು ನನಗೆ ಧೈರ್ಯವಿರಲಿಲ್ಲ. ಅದಕ್ಕೆ, ಯಾವ ಕೋಚೂ ಹೇಳಬಾರದ ಮಾತು ಹೇಳಿದೆ.

"ನಡುವೆ ಖಾಲಿ ಕಂಡ್ರೆ ಗಟ್ಟಿಯಾಗಿ ಅದುಮಿಕೊಂಡ್ ಬಿಡು. ಅವ್ನು ಎಳುದ್ರೂ ಬಿಡ್ಬೇಡ."

ಪಂದ್ಯ ಮುಗಿಯಲು ಎರಡು ನಿಮಿಷವಿತ್ತು. ಮೂರು ಅಂಕ ಹಿಂದಿದ್ದೆವು, ದಾಟಿದರೆ ಆರು ಅಂಕ ಸಿಗುವ ಗೆರೆ ನಾಲ್ಕೇ ಗಜ ದೂರ. ನಡುವೆ ನಿಜಕ್ಕೂ ಯಾರೂ ಇರಲಿಲ್ಲ. ಲಾಮಾಂಟ್ ಅದುಮಿಕೊಂಡ, ಕೋಲ್ಟನ್ ಎಳೆದ. ಚೆಂಡು ಇಬ್ಬರ ನಡುವಿನಿಂದ ಜಾರಿ ನೆಲಕ್ಕೆ ಬಿತ್ತು, ಎದುರಾಳಿಯೊಬ್ಬ ಅದರ ಮೇಲೆ ಬಿದ್ದು ತಮ್ಮದಾಗಿಸಿಕೊಂಡ. ಸೋತೆವು. ವರ್ಷವಿಡೀ ಲಾಮಾಂಟನನ್ನು ನೋಡದಿದ್ದ ಜನ ಅವತ್ತು ಅವನನ್ನು ನೋಡಿ ಬಾಯಿಗೆ ಬಂದಂತೆ ಬೈದರು.

ಸೋಮವಾರ ಇಡೀ ತಂಡದ ಮುಂದೆ ರೆಡಿಕ್ ವಿಡಿಯೋವನ್ನು ಅಲ್ಲೇ ನಿಲ್ಲಿಸಿದ. ಒಂದು ಚೆಂಡಿನ ಮೇಲೆ ನಾಲ್ಕು ಕೈ. ಹೀಗೆ ಹಿಡಿದುಕೊಳ್ಳಲು ಯಾರು ಹೇಳಿದ್ದು ಎಂದು ಕೇಳಿದ.

"ಯಾರೂ ಇಲ್ಲ ಸರ್. ನಾನೇ ಮಾಡ್ದೆ," ಎಂದ ಲಾಮಾಂಟ್. ನನ್ನ ಕಡೆ ತಿರುಗಲೂ ಇಲ್ಲ.

ರೆಡಿಕ್ ನನ್ನತ್ತ ನೋಡಿದ. "ನೀನೇನಾದ್ರೂ ಹೇಳಿದ್ಯಾ ವರ್ನನ್?"

"ಇಲ್ಲ," ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಎಷ್ಟ್ ಹೇಳುದ್ರೂ ಇವ್ನ ತಲೆಗೆ ಹೋಗಲ್ಲ."

ಆಗ ಲಾಮಾಂಟ್ ತಿರುಗಿ ನನ್ನನ್ನು ನೋಡಿದ. ಆ ವರ್ಷ ಯಾವ ತಂಡವೂ ಅವನನ್ನು ಆರಿಸಲಿಲ್ಲ. ನನ್ನನ್ನು ರೆಡಿಕ್ ಇನ್ನೆರಡು ವರ್ಷ ಕೆಲಸದಲ್ಲಿ ಮುಂದುವರಿಸಿದ.