ಬೆಂಕಿಚೆಂಡಿಗೆ ಅಡ್ಡ ನಿಂತವನು

ಭಾನುವಾರ ಸಂಜೆ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಚೌಕಳಿ ಹಾಳೆ ಹಾಸಿ ನಾವು ರಾಕ್ಷಸರ ಜೊತೆ ಯುದ್ಧ ಮಾಡುತ್ತೇವೆ. ಕಥೆ ನಡೆಸುವವರು ಭಾವ. ರಾಕ್ಷಸರೆಲ್ಲ ಅವರ ಕಡೆ. ಆಟದಲ್ಲಿ ಅಕ್ಕ ಕಳ್ಳಿ, ನಾನು ಮಂತ್ರವಾದಿ. ಕತ್ತಿ ಹಿಡಿದ ಯೋಧನ ಕಾಯಿ ನಡೆಸುತ್ತಿದ್ದವನು ಅಕ್ಕನ ಕಟ್ಟಡದ ಲಿಫ್ಟ್ ರಿಪೇರಿಯವನು. ನಮ್ಮ ಬಾಯಲ್ಲಿ ಅವನ ಹೆಸರೇ ಲಿಫ್ಟು ಎಂದಾಗಿತ್ತು.

ನನ್ನ ದೊಡ್ಡ ಮಂತ್ರ ಬೆಂಕಿಚೆಂಡು. ಹಾಳೆಯ ಮೇಲಿನ ನಾಲ್ಕು ಚೌಕದ ಮನೆ ಕೂಡುವ ಒಂದು ಮೂಲೆಯನ್ನು ನಾನು ಆರಿಸಬೇಕು. ಅಲ್ಲಿಂದ ಸುತ್ತಲೂ ನಾಲ್ಕು ಮನೆ ದೂರ ಬೆಂಕಿ ಹರಡುತ್ತದೆ. ವೃತ್ತದೊಳಗೆ ಅರ್ಧಕ್ಕಿಂತ ಹೆಚ್ಚು ಬಿದ್ದ ಮನೆ ಸುಟ್ಟಂತೆ. ಅಲ್ಲಿ ನಿಂತವನು ರಾಕ್ಷಸನೋ ನಮ್ಮವನೋ ಎಂದು ಬೆಂಕಿ ವಿಚಾರಿಸುವುದಿಲ್ಲ. ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನವಳು. ಉಬ್ಬುಹಲ್ಲಿಗೆ ಹಾಕುವ ತಂತಿಯನ್ನೇ ಬಗ್ಗಿಸಿ ಆ ಅಳತೆಗೊಂದು ಬಳೆ ಮಾಡಿಕೊಂಡಿದ್ದೆ. ಅದನ್ನು ಹಾಳೆಯ ಮೇಲಿಟ್ಟರೆ ಯಾರು ಸುಡುತ್ತಾರೆಂದು ಕಾಣುತ್ತಿತ್ತು.

ಪ್ರತಿ ಸಲವೂ ಆ ಬಳೆಯೊಳಗೆ ಕಾಣುತ್ತಿದ್ದವನು ಲಿಫ್ಟು. ಒಂದು ಮನೆ ಆಚೆ ನಿಂತರೂ ಅವನ ಕತ್ತಿ ಅದೇ ರಾಕ್ಷಸನಿಗೆ ತಾಗುತ್ತಿತ್ತು, ಆದರೆ ಈ ಮಹಾಶಯ ಗುಂಪಿನ ನಟ್ಟನಡುವೆಯೇ ಹೋಗಿ ನಿಲ್ಲಬೇಕು. ಭಾವ ತಲೆ ಚಚ್ಚಿಕೊಳ್ಳುತ್ತಿದ್ದರು. ಇನ್ನೊಮ್ಮೆ ಹೀಗೆ ಮಾಡಿದರೆ ಬಿಸ್ಕತ್ತು ಬಂದ್ ಎಂದು ಅಕ್ಕ ಹೆದರಿಸಿಯೂ ಆಯಿತು. ನಾನು ಬಳೆಯನ್ನು ಆ ಮೂಲೆಗೆ ಸರಿಸಿ, ಈ ಮೂಲೆಗೆ ಸರಿಸಿ, ಅವನೊಬ್ಬ ಹೊರಗುಳಿಯುವಂತೆ ಇಡಲು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಇಬ್ಬರು ಮೂವರು ರಾಕ್ಷಸರೂ ಹೊರಗಾಗುತ್ತಿದ್ದರು. ಅವನು ಮಾತ್ರ ಕೆನ್ನೆಗೆ ಕೈಯಿಟ್ಟು ಸುಮ್ಮನೆ ಕೂತಿರುತ್ತಿದ್ದ. ದೇವರು ಇವನಿಗೆ ಬುದ್ಧಿ ಹಂಚುವ ಹೊತ್ತಿಗೆ ಕರೆಂಟು ಹೋಗಿತ್ತೇನೋ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಚಳಿಗಾಲದಲ್ಲಿ ಅವನ ಕಂಪನಿ ಅವನನ್ನು ದೂರದ ಊರಿಗೆ ಹಾಕಿತು. ಆ ಕುರ್ಚಿಗೆ, ಆ ಯೋಧನ ಕಾಯಿಗೆ, ಭಾವನ ಆಫೀಸಿನ ಅಕೌಂಟೆಂಟ್ ಬಂದರು. ಮನುಷ್ಯ ಬಲು ಅಚ್ಚುಕಟ್ಟು. ರಾಕ್ಷಸನಿಗೊಂದು ಏಟು ಹಾಕಿ, ನನ್ನ ಬೆಂಕಿ ಮುಟ್ಟದ ಮನೆಗೆ ಸರಿದು, ಈಗ ಹಾಕಿ ಮೇಡಂ ಎನ್ನುತ್ತಾರೆ. ಬಳೆ ಎಲ್ಲಿಟ್ಟರೂ ಸರಿಯೇ. ಗುಂಪಿಗೆ ಗುಂಪೇ ಬೂದಿಯಾಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನಾನು ಬಳೆ ಎತ್ತಿಡುತ್ತೇನೆ. ಆ ಹಾಳೆಯ ಮೇಲೆ ನಾನು ಬೆಂಕಿಯಿಂದ ಕಾಯಬೇಕಾದವರು ಯಾರೂ ಉಳಿದಿಲ್ಲ. ಆ ಪೆದ್ದನಿಗಾಗಿ ನನ್ನ ಜೀವ ಹೀಗೆ ಹಂಬಲಿಸೀತೆಂದು ನಾನು ಎಣಿಸಿರಲಿಲ್ಲ.

ಕಳೆದ ಭಾನುವಾರ ಆಟದ ನಡುವೆಯೇ ಎದ್ದು ಬಾಲ್ಕನಿಗೆ ಹೋಗಿ ಅವನಿಗೆ ಫೋನ್ ಮಾಡಿದೆ. ಅಲ್ಲಿಯ ಚಳಿಯ ಮಾತಾಯಿತು, ಅವನು ನೋಡಿಕೊಳ್ಳುವ ಎತ್ತರದ ಕಟ್ಟಡದ ಮಾತಾಯಿತು, ನನ್ನ ಲ್ಯಾಬಿಗೆ ಬಂದ ಹೊಸ ಯಂತ್ರದ ಮಾತೂ ಆಯಿತು. ಸರಿ, ಇಡ್ತೀನಿ ಎಂದ. ಇಟ್ಟರೆ ಮತ್ತೆ ಕೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬರುವುದಿಲ್ಲ ಎನ್ನಿಸಿತು.

“ಎಲ್ಲಿ ನಿಂತ್ರೆ ಬೆಂಕಿ ತಾಗಲ್ಲ ಅಂತ ನಿಮಗೆ ನಿಜವಾಗ್ಲೂ ಗೊತ್ತಾಗ್ತಿರ್ಲಿಲ್ವಾ?”



“ಗೊತ್ತಾಗ್ತಿತ್ತು,” ಎಂದ. “ಆಚೆ ನಿಂತಿದ್ರೆ ನೀವು ನನ್ನ ಕಡೆ ನೋಡ್ತಾನೇ ಇರ್ಲಿಲ್ಲ.”

ಯಾವಾಗ ಬರುತ್ತೀರಿ ಎಂದು ಕೇಳಿದೆ. ಬೇಸಿಗೆಗೆ ಮುಂಚೆ ರಜೆ ಸಿಗುವುದಿಲ್ಲವಂತೆ. ಪರವಾಗಿಲ್ಲ ಎಂದೆ. ಹಸಿ ಸುಳ್ಳು. ನನಗೆ ಅವನು ಈ ಸಂಜೆಯೇ, ಈಗಲೇ ಬೇಕಿತ್ತು.

“ಇಲ್ಲ,” ಎಂದೆ. “ಅಷ್ಟು ದಿನ ಕಾಯೋಕೆ ನನ್ ಕೈಲಾಗಲ್ಲ.”