ಗಂಟೆಗೋಪುರದ ಹಿಂದಿನ ಕೋಣೆ

ಆ ಪ್ರಾರ್ಥನಾಮಂದಿರಕ್ಕೆ ಇನ್ನೂರೈವತ್ತು ವರ್ಷ ವಯಸ್ಸು. ಅದನ್ನು ಕೊಂಡ ಹೋಟೆಲಿನವರು ಕಲ್ಲುಕಂಬ, ಬಣ್ಣದ ಗಾಜಿನ ಕಿಟಕಿ, ಗಂಟೆಗೋಪುರ, ಕೊನೆಗೆ ಗೋಪುರದ ಪಾರಿವಾಳಗಳನ್ನೂ ಬಿಡದೆ ಪಟ್ಟಿ ಮಾಡಿಕೊಂಡರು. ಪಟ್ಟಿಯಿಂದ ಬಿಟ್ಟುಹೋದವನು ಬೀಗದಜ್ಜ ಒಬ್ಬನೇ. ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ನಲವತ್ತು ವರ್ಷ ಆ ಮಂದಿರ ಕಾದವನು. ಅವನ ನಿಜವಾದ ಹೆಸರು ಊರಿಗೇ ಮರೆತುಹೋಗಿತ್ತು. ಗೋಪುರದ ಮೆಟ್ಟಿಲ ಹಿಂದೆ ಒಂದು ಮಂಚ, ಒಂದು ಒಲೆ ಹಿಡಿಸುವಷ್ಟು ಕೋಣೆ. ಅವನ ಸಂಸಾರ ನಡೆದದ್ದು ಅಲ್ಲಿ, ಹನ್ನೊಂದು ವರ್ಷದ ಹಿಂದೆ ಹೆಂಡತಿ ತೀರಿಕೊಂಡದ್ದೂ ಅಲ್ಲೇ. ಮಕ್ಕಳಿಲ್ಲ. ತನ್ನ ಉಸಿರೂ ಆ ಕೋಣೆಯಲ್ಲೇ, ಆ ಮಂಚದ ಮೇಲೇ ಹೋಗಬೇಕು ಎನ್ನುವುದು ಅವನ ಆಸೆ. ಅಲ್ಲ, ನೀವೇ ಹೇಳಿ, ಅದೇನು ದೊಡ್ಡ ಆಸೆಯೇ?

ಹೋಟೆಲಿನ ಮ್ಯಾನೇಜರಮ್ಮ ಕೆಟ್ಟವಳೇನಲ್ಲ. ಮೂವತ್ತರ ಆಸುಪಾಸಿನವಳು, ನಡೆದರೆ ಓಡಿದ ಹಾಗಿರುತ್ತಿತ್ತು.

“ಇರಿ ಅಜ್ಜ, ಯಾರು ಬೇಡ ಅಂದ್ರು?” ಎಂದಳು. “ಆದರೆ ಸುಮ್ನೆ ಇರೋ ಹಾಗಿಲ್ಲ, ಹೆಡ್ಡಾಫೀಸಿನವರು ಕೇಳ್ತಾರೆ. ದಿನಾ ಸಂಜೆ ಚಹಾ ಹೊತ್ತಿಗೆ ಅತಿಥಿಗಳಿಗೆ ಈ ಕಟ್ಟಡದ ಕಥೆ ಹೇಳಿ. ಅಷ್ಟು ಮಾಡಿದ್ರೆ ಕೋಣೆ ನಿಮಗೇ.”

ಬೀಗದಜ್ಜ ತನಗೆ ಗೊತ್ತಿದ್ದದ್ದನ್ನು ಹೇಳಿದ. ಯಾವ ತೊಲೆಗೆ ಯಾವ ವರ್ಷ ಗೆದ್ದಲು ಹತ್ತಿತು, ಯಾವ ಮೂಲೆ ಸೋರುತ್ತದೆ, ಪಾರಿವಾಳದ ಹಿಕ್ಕೆ ಕೆರೆಯುವುದು ಹೇಗೆ. ಒಂದಕ್ಷರ ಸುಳ್ಳಿಲ್ಲ. ಆದರೆ ಹಿಕ್ಕೆಯ ಸಮಾಚಾರ ಕೇಳುತ್ತಾ ಯಾರಿಗೆ ಚಹಾ ಗಂಟಲಲ್ಲಿ ಇಳಿದೀತು? ಒಬ್ಬ ಆಕಳಿಸಿದ, ಇನ್ನೊಬ್ಬಳು ಫೋನಿನಲ್ಲಿ ಮುಳುಗಿದಳು. ಎರಡನೇ ತೊಲೆಗೆ ಬರುವಷ್ಟರಲ್ಲಿ ಕುರ್ಚಿಗಳು ಖಾಲಿ.

ವಾರ ಕಳೆದ ಮೇಲೆ ಮ್ಯಾನೇಜರಮ್ಮ ತಲೆ ಕೆರೆದುಕೊಳ್ಳುತ್ತಾ ಬಂದಳು. “ಅಜ್ಜ, ಈ ಕಥೆ ಕಾರ್ಯಕ್ರಮ ನಿಲ್ಲಿಸಿ ಅಂತ ಮೇಲಿನವರು ಬರೆದಿದ್ದಾರೆ. ಅದು ನಿಂತರೆ ನಿಮ್ಮನ್ನ ಏನಂತ ಇಟ್ಕೊಳ್ಳಲಿ? ಇಷ್ಟು ಹಳೇ ಕಟ್ಟಡ, ಒಂದು ದೆವ್ವಾನೂ ಇಲ್ವಾ?”

ದೆವ್ವವಂತೆ! ನಲವತ್ತು ವರ್ಷದಲ್ಲಿ ಅವನು ಕಂಡ ಅತಿ ದೊಡ್ಡ ಭೂತವೆಂದರೆ ಹೆಗ್ಗಣ. ಆದರೆ ಕೋಣೆ ಉಳಿಯಬೇಕಲ್ಲ. ಮರುದಿನ ಸಂಜೆ ಏನಾದರೊಂದು ಕಟ್ಟಿ ಹೇಳೋಣವೆಂದು ಬಾಯಿ ತೆರೆದ. ಬಾಯಿಗೆ ಬಂದವಳು ಹೆಂಡತಿ.

“ಇಲ್ಲೊಬ್ಬಳು ಇದ್ದಾಳೆ,” ಎಂದ. “ಬೆಳಗಿನ ಜಾವ ಗೋಪುರದ ಮೆಟ್ಟಿಲು ಗುಡಿಸ್ತಾಳೆ. ಮೇಲಿಂದ ಕೆಳಕ್ಕೆ ಅರವತ್ತೆರಡು ಮೆಟ್ಟಿಲು. ನಲವತ್ತನೇದಕ್ಕೆ ಬಂದಾಗ ಸೊಂಟ ಹಿಡ್ಕೊಂಡು ನಿಲ್ತಾಳೆ. ಕಾಲು ಒರೆಸ್ಕೊಳ್ಳದೆ ಯಾರಾದ್ರೂ ಒಳಗೆ ಬಂದ್ರೆ ಬೈತಾಳೆ. ದೊಡ್ಡ ಮನುಷ್ಯರು ಅಂತ ಮುಲಾಜು ನೋಡಲ್ಲ.”

ಎತ್ತಿದ ಕಪ್ಪುಗಳು ಎತ್ತಿದಲ್ಲೇ ನಿಂತವು. ಅಜ್ಜ ಹೇಳುತ್ತಲೇ ಹೋದ. ಗುಡಿಸುವಾಗ ಅವಳು ತನ್ನಷ್ಟಕ್ಕೆ ಗುನುಗುವುದು, ಸಾರಿಗೆ ಎರಡು ಸಲ ಉಪ್ಪು ಹಾಕಿ, ಕೆಟ್ಟಿರುವುದು ನಿಮ್ಮ ನಾಲಗೆಯೇ ಎಂದು ಜಗಳಕ್ಕೆ ನಿಲ್ಲುವುದು. ಹನ್ನೊಂದು ವರ್ಷದಲ್ಲಿ ಅವನು ಅವಳ ಮಾತನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ಎತ್ತಲು ಯಾರಿದ್ದರು? ಈಗ ಇಪ್ಪತ್ತು ಜನ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಹೇಳಿಕೊಳ್ಳಲು ನಾಚಿಕೆ, ಆದರೆ ಅವನಿಗೆ ಬಹಳ ಸುಖವಾಯಿತು.

“ಅವಳು ಎಲ್ಲಿ ಇರ್ತಿದ್ಳು?” ಎಂದು ಯಾರೋ ಕೇಳಿದರು.

ಆಗಲಾದರೂ ತುಟಿ ಬಿಗಿಹಿಡಿಯಬಾರದಿತ್ತೇ? ಸುಖ ತಲೆಗೇರಿತ್ತು ನೋಡಿ. “ಅಲ್ಲೇ,” ಎಂದು ಕೈ ತೋರಿಸಿದ. “ಆ ಮೆಟ್ಟಿಲ ಹಿಂದಿನ ಕೋಣೇಲಿ.”

ತಿಂಗಳು ತುಂಬುವುದರೊಳಗೆ ಬಂದವರೆಲ್ಲ ಆ ಕೋಣೆಯೇ ಬೇಕು ಎನ್ನತೊಡಗಿದರು. ಅದು ಅಜ್ಜನ ಕಿವಿಗೂ ಬಿತ್ತು. ಆ ಸಂಜೆಯೇ ಎದ್ದು ನಿಂತು, “ಅದೆಲ್ಲ ನಾನು ಕಟ್ಟಿದ ಕಥೆ, ದೆವ್ವ ಗಿವ್ವ ಏನೂ ಇಲ್ಲ,” ಎಂದ. ಅತಿಥಿಗಳು ಒಬ್ಬರನ್ನೊಬ್ಬರು ತಿವಿದುಕೊಂಡರು. “ಪಾಪ, ಅಜ್ಜನಿಗೂ ಅವಳು ಅಂದ್ರೆ ಭಯ,” ಎಂದ ಒಬ್ಬ. ಬದುಕಿದ್ದಾಗ ಭಯ ಇದ್ದದ್ದಂತೂ ನಿಜ, ಬಿಡಿ.

ಕೊನೆಗೆ ಮ್ಯಾನೇಜರಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮುಖ ಸಪ್ಪಗಿತ್ತು.

“ಅಜ್ಜ, ಈ ಕೋಣೆ ಅತಿಥಿಗಳಿಗೆ ಬಿಡಬೇಕಂತೆ. ಎದುರು ಬೀದೀಲಿ ಕೆಲಸಗಾರರ ಮನೆ ಇದೆಯಲ್ಲ, ಅಲ್ಲಿ ನಿಮಗೊಂದು ಹಾಸಿಗೆ ಹೇಳಿದ್ದೀನಿ. ನಾನು ಎಷ್ಟು ಬೇಡ ಅಂದ್ರೂ ಮೇಲಿನವರು ಕೇಳಲಿಲ್ಲ.” ಹೋಗಲು ತಿರುಗಿದವಳು, “ಅದ್ಸರಿ, ಅಂಥ ಹೆಂಗಸನ್ನ ಎಲ್ಲಿಂದ ಹುಟ್ಟಿಸಿದ್ರಿ?” ಎಂದಳು.

ಅಜ್ಜನಿಗೆ ಮದುವೆಯಾಗಿತ್ತು ಎನ್ನುವುದೇ ಅವಳಿಗೆ ಗೊತ್ತಿಲ್ಲ. ಅವಳು ನನ್ನ ಹೆಂಡತಿ ಕಣಮ್ಮ, ಇದೇ ಮಂಚದ ಮೇಲೆ ಸತ್ತಳು ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಹೇಳಿದರೆ ಏನಾಗುತ್ತದೆ? ಕಥೆ ನಿಜವಂತೆ ಎಂದು ಇನ್ನಷ್ಟು ಜನ ಸಾಲು ನಿಲ್ಲುತ್ತಾರೆ, ಮಂಚವನ್ನೂ ಉಳಿಸಿಕೊಡುವುದಿಲ್ಲ.

“ಹಾಗೇ ಹೊಳೀತಮ್ಮ,” ಎಂದ.

ಮಂಚವನ್ನು ತಾನೇ ಎಳೆದುಕೊಂಡು ಬೀದಿ ದಾಟಿಸಿದ. ಆ ಮನೆಯಲ್ಲಿ ಒಂದರ ಮೇಲೊಂದು ಕಬ್ಬಿಣದ ಮಂಚಗಳು, ಇದಕ್ಕೆ ಜಾಗವಿಲ್ಲ. ಹಿತ್ತಲ ಗೋಡೆಗೆ ಒರಗಿಸಿಟ್ಟ. ಜೊತೆಯಲ್ಲಿದ್ದ ಆರು ಜನ ಪಾಳಿಯಲ್ಲಿ ದುಡಿದು ಬಂದು ಮುಸುಕು ಹಾಕಿದರೆ ಮುಗಿಯಿತು. ಊಟ ಆಯ್ತಾ ಎಂದು ಕೇಳುವವರೂ ಇರಲಿಲ್ಲ. ಸಂಜೆ ಮಾತ್ರ ಅಂಗಿ ಮಡಿಕೆ ನೀವಿಕೊಂಡು ಹೋಟೆಲಿಗೆ ಹೋಗುತ್ತಿದ್ದ, ಅವಳ ಕಥೆ ಹೇಳುತ್ತಿದ್ದ, ತಿರುಗಿ ಬರುತ್ತಿದ್ದ. ಆ ಅರ್ಧ ಗಂಟೆಗಾಗಿ ಇಡೀ ದಿನ ಹೇಗೋ ತಳ್ಳುತ್ತಿದ್ದ.

ಹೊಸ ಹಾಸಿಗೆ, ಹೊಸ ದೀಪ ಹಾಕಿದ ಕೋಣೆಯಲ್ಲಿ ಮೊದಲು ಇಳಿದುಕೊಂಡವಳು ಒಬ್ಬಂಟಿ ಹೆಂಗಸು. ಮೂರು ದಿನ ಇದ್ದಳು. ಹೊರಡುವ ಸಂಜೆ ಅವಳ ಪೆಟ್ಟಿಗೆಯನ್ನು ಬಾಗಿಲಿನ ತನಕ ತಂದವನು, ಕಥೆ ಹೇಳಲು ಬಂದಿದ್ದ ಬೀಗದಜ್ಜನೇ. ಅವಳ ಮುಖ ಗಂಟಿಕ್ಕಿತ್ತು.

“ಮೂರು ರಾತ್ರಿನೂ ಕಣ್ಣು ಮುಚ್ಚಲಿಲ್ಲ ನಾನು,” ಎಂದಳು. “ಪೊರಕೆ ಸದ್ದೂ ಇಲ್ಲ, ಏನೂ ಇಲ್ಲ. ಯಾರೂ ಬರ್ಲಿಲ್ಲ. ಈ ವಯಸ್ಸಲ್ಲಿ ಜನಕ್ಕೆ ಯಾಕೆ ಸುಳ್ಳು ಹೇಳ್ತೀರಿ?”

ಅಜ್ಜ ಪೆಟ್ಟಿಗೆ ಕೆಳಗಿಟ್ಟ.

“ನಾನು ಹನ್ನೊಂದು ವರ್ಷ ಕಾದೆ ತಾಯಿ, ಅದೇ ಕೋಣೇಲಿ. ಒಂದು ದಿನಾನೂ ಬರ್ಲಿಲ್ಲ,” ಎಂದ. “ಅವಳು ಬಂದಿದ್ರೆ, ಹೀಗೆ ದಿನಾ ಸಂಜೆ ಬಂದು ಗುರುತಿಲ್ಲದವರ ಹತ್ರ ಅವಳ ಮಾತು ಯಾಕೆ ಆಡ್ತಿದ್ದೆ ನಾನು?”